ಅವ್ವನ ಅಡುಗೆಮನೆಯಲ್ಲಿ ಎರಡು ತಿಂಗಳು

ಗುರುಗಳ ಬದುಕಿನಲ್ಲಿ ಊಟವೆನ್ನುವುದು ಗಂಟೆಯ ಸದ್ದಿನೊಡನೆ ಬರುವಂಥದ್ದು. ಹತ್ತನೆಯ ತರಗತಿ ಮುಗಿಸಿ 1984ರಲ್ಲಿ ನಾನು ಕಿರಿಯ ಗುರುಮಠವನ್ನು ಸೇರಿದಾಗ ಕಲಿತ ಮೊದಲ ಪಾಠವೇ ಗಂಟೆಗೆ ಓಗೊಡುವುದು. ಪ್ರಾರ್ಥನೆಗೊಂದು ಗಂಟೆ, ಪಾಠಕ್ಕೊಂದು ಗಂಟೆ, ಊಟಕ್ಕೊಂದು ಗಂಟೆ. ಸಾಲಾಗಿ ಭೋಜನಶಾಲೆಗೆ ಹೋಗಿ, ಜಪ ಹೇಳಿ ಕುಳಿತರೆ ತಟ್ಟೆಯಲ್ಲಿ ಅನ್ನವಿರುತ್ತಿತ್ತು. ಅದನ್ನು ಬೇಯಿಸಲು ಯಾರು ಎಷ್ಟು ಹೊತ್ತಿಗೆ ಎದ್ದರು ಎಂದು ಯೋಚಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಮುಂದೆ ಹಿರಿಯ ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ, ಧರ್ಮಸಭೆಯ ಕಾನೂನು, ಪ್ರಬೋಧನೆಯ ಕಲೆ ಇವೆಲ್ಲವನ್ನೂ ಕಲಿಸಿದರು. ಅನ್ನ ಬೇಯಿಸುವುದು ಪಠ್ಯದಲ್ಲಿರಲಿಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ. ಓದಿಗೂ ಧ್ಯಾನಕ್ಕೂ ಸಮಯ ಉಳಿಯಲೆಂದೇ ಹಿರಿಯರು ಆ ವ್ಯವಸ್ಥೆ ಮಾಡಿದ್ದರು, ಉಳಿದ ಸಮಯವನ್ನು ನಾವು ಬಳಸಿಕೊಂಡದ್ದೂ ಉಂಟು. 1997ರಲ್ಲಿ ಗುರುದೀಕ್ಷೆಯಾದ ಮೇಲೆ ಹೋದ ಧರ್ಮಕೇಂದ್ರಗಳಲ್ಲೆಲ್ಲಾ ಗುರುನಿವಾಸಕ್ಕೊಬ್ಬ ಅಡುಗೆಯವರು ಇದ್ದೇ ಇದ್ದರು. ಹೀಗೆ ಸುಮಾರು ನಲವತ್ತು ವರ್ಷ ಇತರರ ಕೈಯಡುಗೆಯನ್ನೇ ಉಂಡು ಬೆಳೆದ ನಾನು, ಐವತ್ತೈದರ ಹೊಸ್ತಿಲಲ್ಲಿ ಒಲೆಯ ಮುಂದೆ ನಿಲ್ಲುವಂತಾಯಿತು.

2023ರ ಕ್ರಿಸ್ತಜಯಂತಿ ಮುಗಿದ ವಾರದಲ್ಲಿ ಅವ್ವ ಹಿತ್ತಲಿನಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಇನ್ನು ಕೆಲವು ತಿಂಗಳು ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಬಹುದು, ಆದರೆ ನಿಂತು ಕೆಲಸ ಮಾಡುವಂತಿಲ್ಲ ಎಂದು ವೈದ್ಯರು ಹೇಳಿದರು. ಅವ್ವನಿಗೆ ಆಗ 78. ಅಪ್ಪ ತೀರಿಹೋಗಿ ಬಹಳ ವರ್ಷಗಳಾಗಿವೆ. ತಮ್ಮ ಕುವೈತಿನಲ್ಲಿದ್ದಾನೆ. ತಂಗಿ ಬೆಂಗಳೂರಿನಲ್ಲಿ ದುಡಿಯುವವಳು, ಅವಳ ಮಗನಿಗೆ ಆ ವರ್ಷ ಎಸ್ಸೆಸ್ಸೆಲ್ಸಿ. ಬೆಂಗಳೂರಿಗೆ ಕರೆದರೆ ಅವ್ವ ಒಪ್ಪಲಿಲ್ಲ. ಮಂಡ್ಯ ಜಿಲ್ಲೆಯ ನಮ್ಮ ಊರಿನಲ್ಲಿ ಅಡುಗೆಗೆ ಆಳು ಸಿಗುವ ಕಾಲವೂ ಇದಲ್ಲ. ಕೈಯಲ್ಲಾಗುವ ಹೆಣ್ಣುಮಕ್ಕಳೆಲ್ಲ ಬೆಳಗಾದರೆ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ಪೂಜ್ಯ ಧರ್ಮಾಧ್ಯಕ್ಷರಲ್ಲಿ ವಿಷಯ ತಿಳಿಸಿದೆ. ಅವರು ಎರಡು ತಿಂಗಳು ಮನೆಯಲ್ಲಿರಲು ಅಪ್ಪಣೆ ಕೊಟ್ಟರು. ನೆರೆಯ ಧರ್ಮಕೇಂದ್ರದ ಗುರುಗಳು ನನ್ನ ಜನರ ಬಲಿಪೂಜೆಯ ಹೊಣೆ ಹೊತ್ತರು. ಜನವರಿಯ ನಡುವೆ ಒಂದು ಕೈಚೀಲದೊಡನೆ ಊರಿಗೆ ಬಂದೆ.

ಅಡುಗೆಮನೆಗೆ ನಾನು ಕಾಲಿಟ್ಟದ್ದು ಅವ್ವನಿಗೆ ಸರಿಬರಲಿಲ್ಲ. ಗಂಡಸು ಒಲೆ ಹಚ್ಚುವುದೆಂಬ ಸಂಕೋಚವೊಂದೇ ಅಲ್ಲ ಅದು. ಗುರುದೀಕ್ಷೆಯ ದಿನ ಧರ್ಮಾಧ್ಯಕ್ಷರು ನವಗುರುವಿನ ಅಂಗೈಗಳಿಗೆ ಪವಿತ್ರ ಕ್ರಿಸ್ಮ ತೈಲವನ್ನು ಲೇಪಿಸುತ್ತಾರೆಂಬುದು ಓದುಗರಿಗೆ ಗೊತ್ತು. ಅಂದು ನನ್ನ ಅಂಗೈಗಳಿಗೆ ಮೊದಲು ಮುತ್ತಿಟ್ಟವರು ಅವ್ವ. ಅಂದಿನಿಂದಲೇ ಅವರು ನನ್ನನ್ನು ಏಕವಚನದಲ್ಲಿ ಕರೆಯುವುದನ್ನು ಬಿಟ್ಟರು. "ಬನ್ನಿ ಸ್ವಾಮಿ, ಕುಂತ್ಕಳಿ ಸ್ವಾಮಿ" ಎಂದು ಹೆತ್ತ ತಾಯಿ ಹೇಳಿದಾಗ ಮೊದಮೊದಲು ನನಗೆ ಮೈ ಮುದುಡುತ್ತಿತ್ತು. ಬೇಡವೆಂದರೆ, "ಊರೋರೆಲ್ಲಾ ಸ್ವಾಮೇರು ಅಂತಾರೆ, ನಾನೊಬ್ಬಳು ಲೋ ಅಂದರೆ ಚೆಂದವಾ?" ಎನ್ನುತ್ತಿದ್ದರು. ವರ್ಷಗಳು ಕಳೆದಂತೆ ಕಿವಿಗೆ ಒಗ್ಗಿಹೋಯಿತು. ಈಗ ಅದೇ ಕೈ ಪಾತ್ರೆ ಉಜ್ಜಲು ಹೊರಟಿತ್ತು.

"ಕ್ರಿಸ್ಮ ಹಚ್ಚಿದ ಕೈ ಸ್ವಾಮಿ ಅದು. ಮಸಿ ಮಾಡ್ಕೋಬೇಡಿ."

ನಾನು ಗುರುಮಠದಲ್ಲಿ ಓದಿದ್ದನ್ನು ನೆನೆದು ಸಂತ ಬೆನೆಡಿಕ್ಟರ ಕತೆ ಹೇಳಿದೆ. ಆರನೆಯ ಶತಮಾನದಲ್ಲಿ ಅವರು ಮಠವಾಸಿಗಳಿಗಾಗಿ ಬರೆದ ನಿಯಮಾವಳಿಯ 35ನೆಯ ಅಧ್ಯಾಯ ಅಡುಗೆಮನೆಯ ಸರದಿಯನ್ನು ಕುರಿತದ್ದು. ಕಾಯಿಲೆಯವರನ್ನೂ ಮಹತ್ವದ ಹೊಣೆ ಹೊತ್ತವರನ್ನೂ ಬಿಟ್ಟರೆ ಸಹೋದರರೆಲ್ಲರೂ ವಾರಕ್ಕೊಬ್ಬರಂತೆ ಅಡುಗೆಮನೆಯಲ್ಲಿ ಸೇವೆ ಮಾಡಬೇಕು. ವಾರ ಮುಗಿದ ಶನಿವಾರ ಒರೆಸುವ ಬಟ್ಟೆಗಳನ್ನು ಒಗೆದು, ಸರದಿ ಮುಗಿಸಿದವನೂ ಸರದಿಗೆ ಬರುವವನೂ ಕೂಡಿ ಎಲ್ಲರ ಕಾಲು ತೊಳೆದು, ಪಾತ್ರೆಗಳನ್ನು ಶುಚಿಮಾಡಿ ಒಪ್ಪಿಸಬೇಕು. ಅದಕ್ಕೂ ಹಿಂದಿನ 31ನೆಯ ಅಧ್ಯಾಯದಲ್ಲಿ, ಮಠದ ಪಾತ್ರೆ ಪಡಗಗಳನ್ನೆಲ್ಲಾ ಬಲಿಪೀಠದ ಪವಿತ್ರ ಪಾತ್ರೆಗಳೆಂಬಂತೆ ಉಗ್ರಾಣಿ ನೋಡಿಕೊಳ್ಳಬೇಕೆಂಬ ಮಾತಿದೆ. ಇಷ್ಟನ್ನೂ ಹೇಳಿ, ನನ್ನ ವಾದ ಗೆದ್ದಿತೆಂದುಕೊಂಡು ಅವ್ವನ ಮುಖ ನೋಡಿದೆ.

"ಆ ಸ್ವಾಮೇರ ಅವ್ವ ಹತ್ತಿರದಲ್ಲಿ ಇರಲಿಲ್ಲ ಅಂತ ಕಾಣ್ತದೆ" ಎಂದರು ಅವ್ವ.

ಆದರೂ ಹಸಿವು ಯಾವ ವಾದಕ್ಕೂ ಕಾಯುವುದಿಲ್ಲ. ಅವ್ವನ ಪ್ಲಾಸ್ಟಿಕ್ ಕುರ್ಚಿಯನ್ನು ಅಡುಗೆಮನೆಯ ಬಾಗಿಲ ಬಳಿ ಹಾಕಿದೆ. ಅವರು ಅಲ್ಲಿ ಕುಳಿತರು, ವಾಕರ್ ಪಕ್ಕದಲ್ಲಿ ನಿಂತಿತು, ಪಾಠ ಆರಂಭವಾಯಿತು.

ಮೊದಲು ಕಲಿತದ್ದು ಬಸ್ಸಾರು. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು. ಕಾಳನ್ನು ಬೇಯಿಸಿ, ಅರ್ಧ ಬೆಂದ ಮೇಲೆ ಸೊಪ್ಪು ಹಾಕಿ, ಎರಡೂ ಬೆಂದಾಗ ನೀರನ್ನು ಬಸಿದು ಇಟ್ಟುಕೊಳ್ಳಬೇಕು. ಆ ನೀರಿಗೆ ಕಟ್ಟು ಎಂದು ಹೆಸರು. ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಅದರಲ್ಲೇ ಒಂದು ಹಿಡಿ ತೆಗೆದು, ಬಾಡಿಸಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗೆ, ಕಾಯಿತುರಿ, ಹುಣಸೆಹಣ್ಣುಗಳೊಡನೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಬಸಿದ ಸಾರೇ ಬಸ್ಸಾರು. ಒಂದು ಪಾತ್ರೆಯಿಂದ ಎರಡು ಅಡುಗೆ ಹೊರಡುತ್ತದೆ, ಏನೊಂದೂ ಚೆಲ್ಲಿಹೋಗುವುದಿಲ್ಲ. ಬಡತನದ ಮನೆಗಳಲ್ಲಿ ಯಾವ ತಾಯಿ ಇದನ್ನು ಮೊದಲು ಕಂಡುಹಿಡಿದಳೋ, ಅವಳ ಬುದ್ಧಿಗೆ ನಾನು ಕೈ ಮುಗಿಯುತ್ತೇನೆ.

ನಾನು ಕಲಿಯುವ ಕ್ರಮ ಗುರುಮಠದ್ದು. ಒಂದು ನೋಟುಪುಸ್ತಕ, ಒಂದು ಪೆನ್ನು. ಉಪ್ಪು ಎಷ್ಟು ಎಂದು ಕೇಳಿದರೆ "ಹಿಡಿಸೋವಷ್ಟು" ಎನ್ನುತ್ತಿದ್ದರು. ಕೊತ್ತಂಬರಿ ಬೀಜ ಎಷ್ಟು ಹೊತ್ತು ಹುರಿಯಬೇಕು? "ವಾಸನೆ ಬರೋಗಂಟ." ಯಾವ ವಾಸನೆ? "ಅದು ಬಂದಾಗ ಗೊತ್ತಾಯ್ತದೆ." ಧಾನ್ಯದ ಅಳತೆಯನ್ನಾದರೂ ಬರೆದುಕೊಳ್ಳೋಣವೆಂದು ಕೇಳಿದಾಗ ಅವರು ಒಂದು ಹಿಡಿ ಎಂದರು. ನಾನು ಡಬ್ಬಿಗೆ ಕೈ ಹಾಕಿದೊಡನೆ ತಡೆದರು. "ನಿಮ್ಮ ಕೈ ನಿಮ್ಮಪ್ಪನ ಕೈ. ಅದರಲ್ಲಿ ಮುಕ್ಕಾಲು ಹಿಡಿ ಹಾಕಿ." ನನ್ನ ನೋಟುಪುಸ್ತಕದಲ್ಲಿ ಇಂದಿಗೂ ಎಲ್ಲ ಅಳತೆಗಳೂ ಮುಕ್ಕಾಲು ಹಿಡಿ ಎಂದೇ ಇವೆ. ಆ ಪುಸ್ತಕ ಬೇರೆ ಯಾರ ಉಪಯೋಗಕ್ಕೂ ಬಾರದು.

ಅವ್ವನಿಗೆ ಕುರ್ಚಿಯಿಂದ ಒಲೆ ಕಾಣುತ್ತಿರಲಿಲ್ಲ, ನನ್ನ ಬೆನ್ನು ಅಡ್ಡವಾಗುತ್ತಿತ್ತು. ಆದರೂ ಎಣ್ಣೆ ಕಾದದ್ದು, ಸಾಸಿವೆ ಸಿಡಿದು ಮುಗಿದದ್ದು, ಬೆಳ್ಳುಳ್ಳಿ ಕೆಂಪಾಗುತ್ತಿರುವುದು ಅವರಿಗೆ ಅಲ್ಲಿಂದಲೇ ತಿಳಿಯುತ್ತಿತ್ತು. "ಉರಿ ತಗ್ಗಿಸಿ" ಎಂಬ ಮಾತು ಬರುತ್ತಿದ್ದುದು ಸರಿಯಾಗಿ ತಗ್ಗಿಸಬೇಕಾದ ಗಳಿಗೆಯಲ್ಲಿ. ಅರುವತ್ತು ವರ್ಷ ಒಂದೇ ಕೆಲಸಕ್ಕೆ ಕಿವಿ ಮೂಗುಗಳನ್ನು ಕೊಟ್ಟವರ ಜ್ಞಾನ ಅದು. ನಾವು ಧ್ಯಾನಕೂಟಗಳಲ್ಲಿ ಏಕಾಗ್ರತೆಯನ್ನು ಕುರಿತು ಗಂಟೆಗಟ್ಟಲೆ ಮಾತನಾಡುತ್ತೇವಲ್ಲ, ಅದು ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಒಲೆಯ ಮುಂದೆ ನಿಂತಿತ್ತು.

ಮುದ್ದೆಗೆ ಅವ್ವ ಬೇಗನೆ ಅಪ್ಪಣೆ ಕೊಡಲಿಲ್ಲ. ಒಂದು ವಾರ ಪಕ್ಕದ ಮನೆಯ ಅತ್ತಿಗೆ ಬಂದು ಮಾಡಿಕೊಟ್ಟು ಹೋದರು, ನಾನು ನಿಂತು ನೋಡಬೇಕಿತ್ತು. ಎರಡು ಲೋಟ ನೀರಿಗೆ ಒಂದು ಚಮಚ ಹಿಟ್ಟು ಕದಡಿ ಕುದಿಸಬೇಕು. ಕುದಿ ಏರಿದಾಗ ಒಂದು ಲೋಟ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಮುದ್ದೆ ಕೋಲನ್ನು ಗುಡ್ಡೆಯ ಮಧ್ಯೆ ನೆಟ್ಟು, ಸುಮ್ಮನಿರಬೇಕು. ಕದಡುವ ಆಸೆಯಾಗುತ್ತದೆ, ಕದಡಬಾರದು. ನೀರು ಸುತ್ತಲಿಂದಲೂ ಕೋಲಿನ ತೂತಿನಿಂದಲೂ ಮೇಲೆದ್ದು ಹಿಟ್ಟನ್ನು ತಾನೇ ಬೇಯಿಸುತ್ತದೆ. ಅದಾದ ಮೇಲೆ ಸುಮ್ಮನಿರಬಾರದು. ಪಾತ್ರೆಯನ್ನು ಭದ್ರವಾಗಿ ಹಿಡಿದು, ಅಂಚಿಗೆ ಒತ್ತಿ ಒತ್ತಿ, ಒಂದು ಗಂಟೂ ಉಳಿಯದಂತೆ ತಿರುವಬೇಕು. ಬಳಿಕ ಮುಚ್ಚಿಟ್ಟು ಹಬೆಯಲ್ಲಿ ಬೇಯಿಸಬೇಕು. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟಬಾರದು, ಆಗ ಬೆಂದಂತೆ.

ಎಂಟನೆಯ ದಿನ ಕೋಲು ನನ್ನ ಕೈಗೆ ಬಂತು. ಹಿಟ್ಟು ಬಿಗಿಯಾಯಿತು, ಹಬೆ ಮುಖಕ್ಕೆ ಬಡಿಯಿತು, ಕನ್ನಡಕ ಮಂಜಾಯಿತು, ತೋಳು ಸೋತು ಕೈ ಒಂದು ಕ್ಷಣ ನಿಧಾನವಾಯಿತು. ಬಾಗಿಲಿನಿಂದ ಕೂಗು ಬಂತು: "ಬಿಡಬೇಡ! ತಿರುವು ಮಗ, ತಿರುವು, ಕೈ ನಿಲ್ಲಿಸಬೇಡ!"

ಇಪ್ಪತ್ತಾರು ವರ್ಷಗಳ ಮೇಲೆ ಬಂದ ಏಕವಚನ ಅದು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಅವ್ವ ತಿದ್ದಿಕೊಂಡು ಮತ್ತೆ ಸ್ವಾಮಿ ಎನ್ನುತ್ತಿದ್ದರು. ತಿರುವುತ್ತಲೇ ಇದ್ದೆ. ಆ ದಿನದಿಂದ ಅಡುಗೆಮನೆಯಲ್ಲಿ ನಾನು ಮಗ. ಬೆಳಿಗ್ಗೆ ಅವರ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಬಲಿಪೂಜೆ ಅರ್ಪಿಸಿ ಪರಮಪ್ರಸಾದ ಕೊಡುವಾಗ ಸ್ವಾಮಿ. ಈ ಎರಡರ ನಡುವಿನ ಗೆರೆಯನ್ನು ಅವ್ವ ಒಮ್ಮೆಯೂ ತಪ್ಪಲಿಲ್ಲ, ಅದನ್ನು ಕುರಿತು ನಾವಿಬ್ಬರೂ ಮಾತನಾಡಲೂ ಇಲ್ಲ.

ಮಾತಿನ ನಡುವೆ ರಾಗಿಯನ್ನು ಕುರಿತು ಒಂದಿಷ್ಟು ಹೇಳಬೇಕು. ಅವ್ವನ ಮೂಳೆ ಕೂಡಿಕೊಳ್ಳಲು ಸುಣ್ಣದಂಶ ಬೇಕು, ರಾಗಿ ಬಿಡಬೇಡಿ ಎಂದು ವೈದ್ಯರು ಹೇಳಿದ್ದರು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇರುತ್ತದೆ. ನಾವು ಅಂತಸ್ತಿನ ಊಟವೆಂದು ತಿಳಿದ ಬಿಳಿ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು. ಈ ಎರಡು ಧಾನ್ಯಗಳ ಜಗಳವನ್ನು ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ಹದಿನಾರನೆಯ ಶತಮಾನದಲ್ಲೇ ತೀರ್ಮಾನ ಮಾಡಿದ್ದಾರೆ. ಆರು ತಿಂಗಳ ಸೆರೆಯಲ್ಲಿ ಭತ್ತ ಕಂದಿತು, ರಾಗಿ ಕಂದಲಿಲ್ಲ. ನಮ್ಮ ಹೊಲದಲ್ಲಿ ಅಪ್ಪ ಬಿತ್ತುತ್ತಿದ್ದುದು ಇಂಡಾಫ್ ತಳಿ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ಪಡೆದ ತಳಿಗಳು ಅವು. ಎರಡು ನೆಲಗಳ ಹೆಸರನ್ನು ಕೂಡಿಸಿಯೇ ಇಂಡಾಫ್ ಎಂದಿಟ್ಟರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪಟ್ಟಣದ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು, ರಾಗಿ ಶಾವಿಗೆಗಳೆಲ್ಲ ಹೊಸ ಪೊಟ್ಟಣದಲ್ಲಿ ಬಂದವು. ಅವ್ವನಿಗೆ ಅದನ್ನು ಹೇಳಿದಾಗ, ಇಷ್ಟು ದಿನ ಏನು ತಿಂತಿದ್ದರಂತೆ ಎಂದು ಕೇಳಿದರು.

ಈಗ ನಾನು ಹೇಳಲು ಹೊರಟ ಮಾತಿಗೆ ಬರುತ್ತೇನೆ. ಮೊದಲ ಮುದ್ದೆಯನ್ನು ಒದ್ದೆ ಕೈಯಲ್ಲಿ ಕಟ್ಟಿ, ಅವ್ವನ ತಟ್ಟೆಗಿಟ್ಟು, ಅವರೆಕಾಳಿನ ಸಾರು ಬಿಟ್ಟೆ. ಅವರು ಮುಟ್ಟಲಿಲ್ಲ. ನನ್ನ ಊಟವಾಗಲಿ ಎಂದರು. ನನ್ನದನ್ನು ಇನ್ನೂ ಕಟ್ಟಬೇಕು, ಅಷ್ಟರಲ್ಲಿ ನಿಮ್ಮದು ಆರಿಹೋಗುತ್ತದೆ, ಉಣ್ಣವ್ವ ಎಂದೆ. ಬಹಳ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದು, ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ಇನ್ನೊಂದು ತುತ್ತು. ಆಮೇಲೆ ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಬಿಸಿ ಮುದ್ದೆ ಉಂಡು ಎಷ್ಟು ವರ್ಷ ಆಗಿತ್ತೋ."

ಆ ಮಾತಿನಲ್ಲಿ ದೂರು ಇರಲಿಲ್ಲ. ಈ ಸಾರಿ ಮಳೆ ತಡವಾಯಿತು ಎನ್ನುವ ಹಾಗೆ ಹೇಳಿದರು. ನಾನು ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹದಿನೆಂಟಕ್ಕೆ ಮದುವೆಯಾಗಿ ಬಂದವರು. ಮನೆಯಲ್ಲಿ ಅಜ್ಜ, ಅಜ್ಜಿ, ಅಪ್ಪ, ಚಿಕ್ಕಪ್ಪಂದಿರು, ಸುಗ್ಗಿಯಲ್ಲಿ ಕೂಲಿಯವರು, ಆಮೇಲೆ ನಾವು ಮೂವರು ಮಕ್ಕಳು. ಮುದ್ದೆ ಬಿಸಿಯಿರುವಾಗ ಬಡಿಸುವ ಕೈ ಬಿಡುವಿಲ್ಲದ್ದು. ಎಲ್ಲರೂ ಎದ್ದ ಮೇಲೆ ಕುಳಿತವರ ಪಾಲಿಗೆ ತಣ್ಣಗಿನ ಮುದ್ದೆ, ತಳದ ಸಾರು. ನಮ್ಮ ಮನೆಯ ಮುದ್ದೆಯ ರುಚಿಯನ್ನು ಊರೆಲ್ಲ ಹೊಗಳುತ್ತಿತ್ತು. ಅದರ ನಿಜವಾದ ರುಚಿ ಏನೆಂಬುದು ಮಾಡಿದವರೊಬ್ಬರಿಗೆ ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು.

ಸಂತ ಯೊವಾನ್ನರ ಶುಭಸಂದೇಶದ 21ನೆಯ ಅಧ್ಯಾಯವನ್ನು ಪಾಸ್ಖ ಕಾಲದಲ್ಲಿ ನಾನು ಎಷ್ಟೋ ಬಾರಿ ಓದಿ ವಿವರಿಸಿದ್ದೇನೆ. ಪುನರುತ್ಥಾನರಾದ ಯೇಸುಸ್ವಾಮಿ ತಿಬೇರಿಯ ಸರೋವರದ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು, ರಾತ್ರಿಯೆಲ್ಲಾ ದುಡಿದು ದಣಿದ ಶಿಷ್ಯರನ್ನು ಉಪಾಹಾರಕ್ಕೆ ಕರೆಯುತ್ತಾರೆ. ಪೇತ್ರನನ್ನು ಮೂರು ಸಲ ಕೇಳಿದ ಆ ಗಹನವಾದ ಪ್ರಶ್ನೆ ಬರುವುದು ಅವರೆಲ್ಲ ಉಂಡಾದ ಮೇಲೆ. ಪ್ರಬೋಧನೆಯಲ್ಲಿ ನಾವು ಬೇಗ ಬೇಗನೆ ಆ ಪ್ರಶ್ನೆಯ ಕಡೆಗೆ ಓಡುತ್ತೇವೆ. ಕೆಂಡ ಹೊತ್ತಿಸಲು ಎಷ್ಟು ಹೊತ್ತು ಬೇಕು, ಮೀನು ಹೊತ್ತದಂತೆ ಯಾರು ಕಾದು ನೋಡಿದರು ಎಂಬುದು ಒಲೆಯ ಮುಂದೆ ನಿಂತವರ ಮನಸ್ಸಿಗೆ ಬರುವ ಯೋಚನೆ. ಆದಿಕಾಂಡದ 25ನೆಯ ಅಧ್ಯಾಯದಲ್ಲಿ ಅಡುಗೆ ಮಾಡಿದ ಇನ್ನೊಬ್ಬ ಗಂಡಸೂ ಇದ್ದಾನೆ. ಹಸಿದು ಬಂದ ಅಣ್ಣನಿಗೆ ಯಕೋಬ ಬೇಳೆಯ ಸಾರು ಬಡಿಸಿದ್ದು ಜ್ಯೇಷ್ಠತನದ ಹಕ್ಕನ್ನು ಬರೆಸಿಕೊಂಡ ಮೇಲೆ. ಬೆಲೆ ಕಟ್ಟಿ ಬಡಿಸಿದ ಊಟವೂ ಬೈಬಲಿನಲ್ಲಿದೆ, ಬೆಲೆ ಕೇಳದೆ ಬಡಿಸಿದ್ದೂ ಇದೆ.

ಆದರೆ ಅವ್ವನ ಸುಖವನ್ನಷ್ಟೇ ಬರೆದರೆ ಅರ್ಧ ಮಾತಾಗುತ್ತದೆ. ಕುಳಿತಲ್ಲಿಗೆ ಊಟ ಬರುವುದು ಅವರಿಗೆ ಬರೀ ಸುಖವಾಗಿರಲಿಲ್ಲ. ಮೂರನೆಯ ವಾರ ನನ್ನ ಕೈ ಪಳಗತೊಡಗಿದಂತೆ ಅವ್ವ ಮೌನವಾದರು. ನಾನು ಕೇಳದೆಯೇ ಸಾರಿಗೆ ಉಪ್ಪು ಹಾಕಿದ ದಿನ ಅವರು ಕುರ್ಚಿಯನ್ನು ಜಗುಲಿಗೆ ಹಾಕಿಸಿಕೊಂಡರು. ರಾತ್ರಿ ಕೇಳಿದಾಗ ಹೇಳಿದ್ದು ಇಷ್ಟು: "ಒಲೆ ಬಿಟ್ಟ ಮೇಲೆ ಹೆಂಗಸು ಮನೆಯಲ್ಲಿ ನೆಂಟಳ ಹಾಗೆ ಕಣಪ್ಪ." ತಂಗಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವಳು ನಗುತ್ತಾ, ಅಣ್ಣ, ನೀನು ಪೂರ್ತಿ ಕಲಿಯಬೇಡ ಎಂದಳು. ಅವಳ ಬುದ್ಧಿ ದೊಡ್ಡದು. ಮರುದಿನದಿಂದ ಮಸಾಲೆ ಡಬ್ಬಿ ಅವ್ವನ ಮಡಿಲಿಗೆ ಹೋಯಿತು. ನನಗೆ ಬೇಕಾದದ್ದನ್ನು ಅವರೇ ಅಳೆದು ಕೊಡುವುದು, ಅವರು ರುಚಿ ನೋಡದೆ ಯಾವ ಪಾತ್ರೆಯೂ ಒಲೆಯಿಂದ ಇಳಿಯದಿರುವುದು. ಅವರೆಕಾಯಿಯ ಕಾಲ, ನೆನೆಸಿದ ಕಾಳನ್ನು ಮೊರದ ತುಂಬ ಮುಂದಿಟ್ಟರೆ ಅವರ ಬೆರಳುಗಳು ಸಿಪ್ಪೆ ಹಿಚುಕಿ ಬೇಳೆಯನ್ನು ಚಿಮ್ಮಿಸುವ ವೇಗಕ್ಕೆ ನನ್ನ ಕಣ್ಣೇ ಸೋಲುತ್ತಿತ್ತು. ಕುರ್ಚಿ ಮತ್ತೆ ಬಾಗಿಲಿಗೆ ಬಂತು. ವಯಸ್ಸಾದವರನ್ನು ನೋಡಿಕೊಳ್ಳುವ ಮನೆಗಳಲ್ಲಿ, ನೀವು ಸುಮ್ಮನೆ ಕೂತಿರಿ ಎಂದು ಪ್ರೀತಿಯಿಂದಲೇ ಹೇಳುವವರಿದ್ದಾರೆ. ಆ ಪ್ರೀತಿ ಕೆಲವೊಮ್ಮೆ ಅವರ ಕೈಯಿಂದ ಕೊನೆಯ ಸೌಟನ್ನೂ ಕಿತ್ತುಕೊಳ್ಳುತ್ತದೆ.

ಫೆಬ್ರವರಿ 14ರಂದು ವಿಭೂತಿ ಬುಧವಾರ ಬಂತು. ಉಪವಾಸದ ಕಟ್ಟಳೆ 59 ವರ್ಷ ತುಂಬಿದವರಿಗೆ ಅನ್ವಯಿಸುವುದಿಲ್ಲವೆಂದು ಧರ್ಮಸಭೆಯ ಕಾನೂನನ್ನು ತೋರಿಸಿ ಹೇಳಿದೆ. ಕಾನೂನು ನಿಮಗೆ, ನನಗೆ ಗಂಜಿ ಸಾಕು ಎಂದರು. ಅಂದು ಅವರದು ಪುನಃ ಬಹುವಚನ.

ಮಾರ್ಚ್ ನಡುವೆ ನಾನು ಧರ್ಮಕೇಂದ್ರಕ್ಕೆ ಮರಳಿದೆ. ಅಷ್ಟರಲ್ಲಿ ಅವ್ವ ಊರುಗೋಲಿನ ಮೇಲೆ ನಡೆಯುತ್ತಿದ್ದರು. ತಂಗಿಯ ಮಗನ ಪರೀಕ್ಷೆ ಮುಗಿದು ಅವನೇ ಅಜ್ಜಿಯ ಬಳಿ ಬಂದು ನಿಂತ. ಅವನಿಗೂ ಪಾಠ ಶುರುವಾಯಿತೆಂದು ಕೇಳಿದೆ. ಇಲ್ಲಿ ಗುರುನಿವಾಸದ ಅಡುಗೆಯವರಿಗೆ ಸೋಮವಾರ ಬಿಡುವು ಕೊಟ್ಟು ಅಂದಿನ ಅಡುಗೆಯನ್ನು ನಾನೇ ಮಾಡಿಕೊಳ್ಳುತ್ತೇನೆ. ಮೊದಲು ಅವರಿಗೆ ಗಾಬರಿ, ಕೆಲಸ ಬಿಡಿಸುವ ಉಪಾಯವೇನೋ ಎಂದು. ಈಗ ಸೋಮವಾರ ರಾತ್ರಿ ಬಂದು ಪಾತ್ರೆಯ ತಳ ನೋಡಿ ವಿಮರ್ಶೆ ಹೇಳುತ್ತಾರೆ. ಇದರಲ್ಲಿ ನನ್ನದೇನೂ ಹೆಚ್ಚುಗಾರಿಕೆಯಿಲ್ಲ. ವಿಶ್ವಗುರು ಫ್ರಾನ್ಸಿಸ್‌ರವರು ಬ್ಯೂನಸ್ ಐರಿಸ್‌ನ ಮಹಾಧರ್ಮಾಧ್ಯಕ್ಷರಾಗಿದ್ದಾಗ ಸಣ್ಣದೊಂದು ಮನೆಯಲ್ಲಿದ್ದು ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು.

ಮನೆಗಳ ಆಶೀರ್ವಾದಕ್ಕೆ ಹೋದಾಗ ಊಟಕ್ಕೆ ಕುಳಿತರೆ ಈಗ ನನ್ನ ಕಣ್ಣು ಅಡುಗೆಮನೆಯ ಬಾಗಿಲಿಗೆ ಹೋಗುತ್ತದೆ. ಅಲ್ಲಿ ಸೆರಗಿಗೆ ಕೈ ಒರೆಸುತ್ತಾ, "ಇನ್ನೊಂಚೂರು ಹಾಕಿಸ್ಕಳಿ ಫಾದರ್" ಎನ್ನುತ್ತಾ ಒಬ್ಬರು ನಿಂತೇ ಇರುತ್ತಾರೆ. ನೀವೂ ಕುಳಿತುಕೊಳ್ಳಿ, ಎಲ್ಲವನ್ನೂ ಮೇಜಿನ ಮೇಲಿಟ್ಟು ಬಡಿಸಿಕೊಳ್ಳೋಣ ಎನ್ನುತ್ತೇನೆ. ಕೆಲವು ಮನೆಗಳಲ್ಲಿ ಕುಳಿತುಕೊಳ್ಳುತ್ತಾರೆ. ಕೆಲವು ಕಡೆ ನಕ್ಕು ಒಳಗೆ ಹೋಗುತ್ತಾರೆ. ಒಂದೆರಡು ಕಡೆ ಮನೆಯ ಹಿರಿಯರಿಗೆ ಇರಿಸುಮುರಿಸಾದದ್ದೂ ಉಂಟು. ವಿವಾಹ ಸಿದ್ಧತಾ ಶಿಬಿರಗಳಲ್ಲಿ ಹುಡುಗರಿಗೆ ನನ್ನದೊಂದು ಪ್ರಶ್ನೆ ಇದ್ದೇ ಇರುತ್ತದೆ: ಸಾರು ಮಾಡಲು ಬರುತ್ತದೆಯೇ? ಎಲ್ಲರೂ ನಗುತ್ತಾರೆ. ಹೆಣ್ಣುಮಕ್ಕಳು ಸ್ವಲ್ಪ ಜಾಸ್ತಿ ಹೊತ್ತು ನಗುತ್ತಾರೆ. ಒಮ್ಮೆ ಒಬ್ಬ ತಂದೆ ಎದ್ದು, ಫಾದರ್, ಗಂಡುಮಕ್ಕಳಿಗೆ ಇದೆಲ್ಲಾ ಯಾಕೆ ಎಂದು ಕೇಳಿದರು. ಮಡದಿಗೆ ಜ್ವರ ಬಂದ ದಿನ ನೀವೇನು ಉಣ್ಣುತ್ತೀರಿ ಎಂದು ಕೇಳಿದೆ. ಹೋಟೆಲಿನಿಂದ ತರಿಸುತ್ತೇವೆ ಎಂದರು. ಜ್ವರ ಬಂದವರು ಏನು ಉಣ್ಣುತ್ತಾರೆ ಎಂದು ಮತ್ತೆ ಕೇಳಿದೆ. ಅವರು ಕುಳಿತುಕೊಂಡರು.

ಅವ್ವ ದಿನವೂ ಸಂಜೆ ಫೋನು ಮಾಡುತ್ತಾರೆ. ಮೊದಲೆಲ್ಲಾ ಕೇಳುತ್ತಿದ್ದುದು ಒಂದೇ ಪ್ರಶ್ನೆ, "ಊಟ ಆಯ್ತಾ ಸ್ವಾಮಿ?" ವಾರದ ಆರು ದಿನ ಈಗಲೂ ಅದೇ ಪ್ರಶ್ನೆ. ಸೋಮವಾರ ಮಾತ್ರ ಬೇರೆ.

"ಇವತ್ತು ಏನ್ ಸಾರು ಮಾಡ್ದೆ?"

"ಹುರುಳಿಕಾಳಿನ ಬಸ್ಸಾರು, ಅವ್ವ."

"ಕಾಳು ರಾತ್ರಿನೇ ನೆನೆಹಾಕಿದ್ದಾ?"

"ಹಾಕಿದ್ದೆ."

"ಮಿಕ್ಕಿದ್ದನ್ನ ಎತ್ತಿಡು ಮಗ. ಹುರುಳಿ ಸಾರು ನಾಳೆಗೆ ಇನ್ನೂ ರುಚಿ."